ಹನ್ನೆರಡು ಬೋರಿನ ಚಾಚಾ

ಚಾಚಾ ತೀರಿಹೋಗಿ ಎರಡು ತಿಂಗಳಾತು. ಮೊನ್ನೆ ಅವರ ಮಗಳು ಶಿಗ್ಗಾಂವಿಂದ ಫೋನ್ ಮಾಡಿದ್ರು. ನಾ ಅವರಿಗೆ ಅಕ್ಕಾ ಅಂತೇನಿ. "ಅಬ್ಬಾ ಬಗ್ಗೆ ಏನರ ಬರದು ಕೊಡೋ ತಮ್ಮಾ, ನೀ ಟೈಪಿಂಗ್ ಚಲೋ ಮಾಡ್ತಿ" ಅಂದ್ರು. ನನ್ನ ಟೈಪಿಂಗ್ ಮ್ಯಾಲ ಅಕ್ಕಗ ಇನ್ನೂ ಇಷ್ಟು ಭರೋಸಾ ಐತಿ ಅಂದ್ರ, ಅಕ್ಕಗ ಪೂರ್ತಿ ಕಥಿ ಗೊತ್ತಿಲ್ಲ ಅಂತಾತು. ಇರ್ಲಿ, ಬರೀತೇನಿ. ಓದಿದ ಮ್ಯಾಲ ಗೊತ್ತಾಗತೈತಿ.

ಹೆಸರು ಹಾಕೂದಿಲ್ಲ. ಸವಣೂರಾಗ ಅವರನ್ನ ಯಾರೂ ಹೆಸರು ಹಿಡದು ಕರೀತಿರಲಿಲ್ಲ. ಕೆಲವರಿಗೆ ಟೇಲರ್ ಚಾಚಾ, ಕೆಲವರಿಗೆ ಬಂದೂಕ ಚಾಚಾ. ಒಂದು ಸರಕಾರಿ ಆಫೀಸಿನಾಗ ಮಾತ್ರ ಹನ್ನೆರಡು ಬೋರಿನ ಚಾಚಾ. ಆ ಹೆಸರು ಬೀಳಾಕ ಕಾರಣ ನಾನ.

ನಂದು ಬಸ್ ಸ್ಟ್ಯಾಂಡ್ ಎದುರಿಗೆ ಆನ್‌ಲೈನ್ ಅರ್ಜಿ ಹಾಕೂ ಅಂಗಡಿ. ಪಹಣಿ, ಆಧಾರ, ರೇಷನ್ ಕಾರ್ಡು, ಜೆರಾಕ್ಸ್. ಚಾಚಾನ ಹೊಲಿಗಿ ಅಂಗಡಿ ನಮ್ಮ ಗ್ವಾಡಿಗೆ ಹತ್ತಿಕೊಂಡ ಇತ್ತು. ಅವರ ಮಷಿನ್ ಓಡಿದ್ರ ನನ್ನ ಟೇಬಲ್ ಮ್ಯಾಲಿನ ಚಾ ನಡಗತಿತ್ತು. ಶೇರ್ವಾನಿ ಸ್ಪೆಷಲಿಸ್ಟ್ ಅಂತ ದೊಡ್ಡ ಬೋರ್ಡು, ಒಳಗ ಹೊಲಿತಿದ್ದದ್ದು ಸಾಲಿ ಹುಡುಗರ ಚಡ್ಡಿ. ಅಂಗಡಿ ಹಿಂದ ಮನಿ. ಮನಿಯಾಗ ಕಬ್ಬಣದ ಬೀರು. ಬೀರುದಾಗ ಬಂದೂಕು.

ಟೇಲರ್ ಹತ್ರ ಬಂದೂಕು ಯಾಕ ಅಂತ ಎಲ್ಲಾರೂ ಕೇಳತಿದ್ರು. ಹತ್ತಿಮತ್ತೂರಾಗ ಚಾಚಾನ ಅಪ್ಪಂದು ನಾಕು ಎಕರೆ ಹೊಲಾ ಇತ್ತು. ಬೆಳಿ ಕಾಯಾಕ ಅಂತ ಅವರಪ್ಪಗ ಲೈಸೆನ್ಸ್ ಸಿಕ್ಕಿತ್ತು. ಅಪ್ಪ ತೀರಿಕೊಂಡ ಮ್ಯಾಲ ಹೊಲಾ ಪಾಲಿಗೆ ಹಾಕಿದ್ರು, ಬಂದೂಕು ಮಾತ್ರ ಕಾಗದಾ ಪತ್ರಾ ಎಲ್ಲಾ ಮಾಡಿಸಿ ತಮ್ಮ ಹೆಸರಿಗೆ ತಗೊಂಡ್ರು. "ಹೊಲಾ ಯಾರಾದ್ರೂ ನೋಡಿಕೊಳ್ತಾರ ತಮ್ಮಾ, ಬಂದೂಕಿಗೆ ಮನಿಯವರ ಬೇಕು" ಅಂತಿದ್ರು.

ಅದು ಸಾದಾ ಬಂದೂಕಲ್ಲ. ನಮ್ಮ ಕಡೆ ಲೈಸೆನ್ಸ್ ಇದ್ದಾವ್ರ ಹತ್ರ ಇರೂವು ನಡುವಿನಾಗ ಮಡಚೂವಂಥಾವು, ಮೊಣಕಾಲು ಮಡಚಿದಂಗ. ಚಾಚಾಂದು ಬೋಲ್ಟ್ ಆ್ಯಕ್ಷನ್ ಶಾಟ್‌ಗನ್ನು. ಬಾಗಲಕ್ಕ ಚಿಲಕ ಇರ್ತೈತಲ್ಲ, ಹಂಗ ಒಂದು ಹಿಡಿಕಿ. ಮ್ಯಾಲ ಎತ್ತಿ ಹಿಂದ ಎಳದ್ರ ಬಾಯಿ ತಗೀತೈತಿ, ಮುಂದ ದೂಡಿ ಕೆಳಗ ಒತ್ತಿದ್ರ ಮುಚ್ಚತೈತಿ. ಖಟ್, ಖಟಾಕ್. ಇಂಥಾದ್ದು ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಕೂ ತಾಲೂಕು ಹುಡುಕಿದ್ರೂ ಎರಡನೇದು ಸಿಗೂದಿಲ್ಲ ಅಂತ ಚಾಚಾ ಹೇಳತಿದ್ರು. ಹುಡುಕಿದಾವ್ರು ಯಾರೂ ಇರಲಿಲ್ಲ, ಹಂಗಾಗಿ ಸುಳ್ಳು ಅನ್ನಾಕೂ ಬರತಿರಲಿಲ್ಲ.

ಶುಕ್ರವಾರ ನಮಾಜ್ ಮುಗಿಸಿ, ಊಟಾ ಮಾಡಿ, ಅಂಗಡಿ ಶಟರ್ ಅರ್ಧಾ ಇಳಿಸಿದ್ರು ಅಂದ್ರ ಬಂದೂಕಿನ ಸೇವಾ ಚಾಲೂ. ಮೊದಲ ಖಾಲಿ ಐತೋ ಇಲ್ಲೋ ನೋಡೂದು. ವಾರಪೂರ್ತಿ ಬೀರುದಾಗ ಎರಡು ಬೀಗಾ ಜಡದಿಟ್ಟ ಬಂದೂಕು, ಬೀಗದ ಕೈ ಅವರ ಬನಿಯನ್ ಕಿಸೇದಾಗ, ಚಿಲಕ ಬ್ಯಾರೆ ತಗದು ದಾರದ ರೀಲಿನ ಡಬ್ಬಿಯಾಗ. ಆದ್ರೂ ನೋಡೂದು. ಕಣ್ಣಲೆ ಒಂದ ಸಲಾ, ಬೆರಳಲೆ ಒಂದ ಸಲಾ. ಮೂರನೇ ಸಲಾ ಚಾಚಿನ್ನ ಕರಿಯೂದು.

"ನೋಡ ಇಲ್ಲೆ, ಖಾಲಿ ಕಾಣ್ತೈತೇನು?"

ಚಾಚಿ ಅಡಗಿ ಮನಿಯಿಂದ ಹೊರಗ ಬರದನ ಹೇಳತಿದ್ರು, "ಹಿಡಕೊಂಡಾವ್ರ ತಲಿ ಖಾಲಿ ಐತಿ, ಅಷ್ಟ ಕಾಣ್ತೈತಿ." ಅವರು ಮನಿಯಾಗ ಉರ್ದು ಮಾತಾಡಿದ್ರೂ, ಚಾಚಾನ್ನ ಬೈಯೂವಾಗ ಮಾತ್ರ ಚಾಚಿ ಕನ್ನಡಕ್ಕ ಬರತಿದ್ರು, ಗ್ವಾಡಿ ಆಚೆ ನನಗೂ ತಿಳೀಲಿ ಅಂತ.

ಆಮ್ಯಾಲ ಹಿತ್ತಾಳಿ ಕಡ್ಡಿ, ಅದರ ತುದಿಗೆ ಅರಿವಿ ತುಂಡು. ಗಿರಾಕಿ ಅರಿವಿ ಹೊಲದು ಉಳದ ಚೂರು ಇರ್ತಾವಲ್ಲ, ಅವನ್ನ ಚಾಚಾ ಒಂದು ಚೀಲದಾಗ ಹಾಕಿ ಇಡತಿದ್ರು. "ಟೆರಿಕಾಟ್ ಬ್ಯಾಡ. ಅದು ಎಣ್ಣಿ ಕುಡಿಯೂದಿಲ್ಲ, ಬರೇ ಮಿಂಚತೈತಿ. ಕಾಟನ್ ಬೇಕು." ಎಣ್ಣಿ ಅಂದ್ರ ಹೊಲಿಗಿ ಮಷಿನ್ ಎಣ್ಣಿನ. ಮಷಿನ್ನಿಗೆ ಎರಡು ಹನಿ, ಬಂದೂಕಿಗೆ ಒಂದ ಹನಿ.

"ಇವತ್ತ ಯಾರದ್ರಿ ಚಾಚಾ?" ಅಂತ ನಾ ಕೇಳತಿದ್ನಿ.

"ಹಾನಗಲ್ ಮಾಸ್ತರದು. ಪೈಜಾಮಾ."

ತುಂಡು ಬಂದೂಕಿನ ನಳಗಿ ಒಳಗ ಹೋಗಿ ಆ ಕಡೆ ಬೆಳ್ಳಗ ಹೊರಗ ಬಂದ್ರ, ಬೆಳಕಿಗೆ ಹಿಡದು ನೋಡಿ, "ಮಾಸ್ತರು ಹೆಂಗ ಹೋದ್ರೋ ಹಂಗ ಬಂದ್ರು" ಅಂತಿದ್ರು. ಅಂದ್ರ ನಳಗಿ ಸ್ವಚ್ಛ ಐತಿ ಅಂತ. ಆಮ್ಯಾಲ ನಳಗಿ ಬಲ್ಬಿನ ಕಡೆ ಹಿಡದು ಒಂದು ಕಣ್ಣು ಮುಚ್ಚೂದು. ಒಳಗ ಉಂಗುರ ಉಂಗುರ ಬೆಳಕು ಕಾಣಬೇಕು. ಕಂಡ್ರ ಅವತ್ತಿನ ಮಧ್ಯಾಹ್ನದ ಚಾಕ್ಕ ಸಕ್ರಿ ಜಾಸ್ತಿ.

ಅದಕ್ಕಂತ ತಾವ ಹೊಲದಿದ್ದ ಅರಿವಿ ಬ್ಯಾರೆ. ಥಂಡಿ ದಿನಕ್ಕ ಫ್ಲಾನೆಲ್ ಗವಸಣಿಗಿ, ಬ್ಯಾಸಗಿಗೆ ಮಲ್ಮಲ್, ಊರು ಬಿಟ್ಟು ಹೋಗೂವಾಗ ಕೆಂಪು ಮಕಮಲ್. ಮಕಮಲ್ಲಿಗೆ ಒಳಗ ಅಸ್ತರೂ ಇತ್ತು. "ಅರಿವಿಯಾಗ ಸುತ್ತಿಟ್ರ ತೇವ ಹಿಡದು ಜಂಗ್ ಬರ್ತೈತಂತ್ರಿ, ವಿಡಿಯೋದಾಗ ಹೇಳ್ಯಾರ" ಅಂದ್ನಿ ಒಮ್ಮೆ. "ವಿಡಿಯೋದಾಂವ ಬಂದು ನನ್ನ ಬಂದೂಕಿನಾಗ ಜಂಗ್ ತೋರಿಸ್ಲಿ, ಅವಗ ಶೇರ್ವಾನಿ ಫುಕಟ್ ಹೊಲದು ಕೊಡ್ತೇನಿ" ಅಂದ್ರು. ಆ ವಿಡಿಯೋದಾಂವ ಬರಲಿಲ್ಲ. ಜಂಗೂ ಬರಲಿಲ್ಲ.

ಹಿರೇಕೆರೂರಿನ ಗೋವಿನಜೋಳದ ವ್ಯಾಪಾರಿ ಒಬ್ರು ಸಫಾರಿ ಹೊಲಸಾಕ ಬರತಿದ್ರು. ಅವರಿಗೆ ಬಂದೂಕು ತಮ್ಮ ಮನಿಯ ಪಡಸಾಲಿ ಗ್ವಾಡಿಗೆ ಹಾಕೂ ಆಸೆ. "ಕೊಟ್ಟುಬಿಡ್ರಿ, ಛಂದ ನೇತು ಹಾಕ್ತೇನಿ" ಅಂದ್ರು. ಚಾಚಾ ಅಳತಿ ಟೇಪು ಅವರ ಹೊಟ್ಟಿ ಸುತ್ತ ಹಿಡದು ಅಲ್ಲೇ ನಿಂತ್ರು. "ನೇತು ಹಾಕಾಕ ಕ್ಯಾಲೆಂಡರ್ ಸಿಗತಾವ್ರಿ ಸಾವ್ಕಾರ್ರ. ಉಸರ ಬಿಡ್ರಿ ಈಗ, ಅಳತಿ ಸುಳ್ಳ ಬರಾಕತ್ತೈತಿ."

ಅಕ್ಕನ ಮದುವಿಯಾಗೂ ಹಂಗ. ಬೀಗರು ಶಿಗ್ಗಾಂವಿಯವರು, ಮೆರವಣಿಗ್ಯಾಗ ಒಂದು ಗುಂಡು ಹಾರಸ್ರಿ, ಶಾನ ಇರ್ತೈತಿ ಅಂತ ಹಟಾ ಹಿಡದಿದ್ರಂತ. ಚಾಚಾ ಒಪ್ಪಲಿಲ್ಲ. "ಸದ್ದು ಬೇಕಂದ್ರ ನಮ್ಮ ಬೀಗರು ಬಾಯಿ ತಗದ್ರ ಸಾಕು" ಅಂದ್ರಂತ. ಅಕ್ಕ ಇದನ್ನ ಈಗಲೂ ಹೇಳಿ ನಗತಾರ, ಅತ್ತಿ ಮನಿಯವರು ಎದ್ರಿಗೆ ಇಲ್ಲದಾಗ.

ಈಗ ನನ್ನ ತಪ್ಪಿಗೆ ಬರ್ತೇನಿ.

ಹಳೇ ಲೈಸೆನ್ಸ್ ಎಲ್ಲಾ ಕಂಪ್ಯೂಟರಿಗೆ ಹಾಕಬೇಕು ಅಂತ ಆತು. ಚಾಚಾ ತಮ್ಮ ಲೈಸೆನ್ಸ್ ಪುಸ್ತಕಾ ತಗೊಂಡು ನನ್ನ ಅಂಗಡಿಗೆ ಬಂದ್ರು. ಕೈಬರಹದ ಇಂಗ್ಲಿಷು, ಶಾಯಿ ಮಾಸಿತ್ತು. ಅದರಾಗಿನ ವಿವರ ಕನ್ನಡದಾಗೂ ಒಂದು ಹಾಳಿಯಾಗ ಟೈಪ್ ಮಾಡಿ ಹಚ್ಚಬೇಕಾಗಿತ್ತು. ಅವತ್ತ ಮುಂಜಾನಿಂದ ನಾ ಬರೇ ಬೋರ್‌ವೆಲ್ಲಿನ ಕಾಗದಾ ಮಾಡಾಕತ್ತಿದ್ನಿ. ಬತ್ತಿದ ಬೋರಿನ ಬಾಯಿ ತೆರದಿಟ್ರ ಹುಡುಗ್ರು ಬೀಳ್ತಾವ, ಅದಕ್ಕ ಮುಚ್ಚಳಾ ಹಾಕಿ ಬೋಲ್ಟ್ ಬಿಗದು, ಹಿಂಗಿಂಗ ಮಾಡೇವಿ ಅಂತ ಪಂಚಾಯ್ತಿಗೆ ಬರದು ಕೊಡೂದು. ಬೋರ್ ಎಷ್ಟು, ಕೈಗೊಂಡ ಕ್ರಮ ಏನು. ಬೋರ್ ಎಷ್ಟು, ಕೈಗೊಂಡ ಕ್ರಮ ಏನು. ರೈತರ ಸಾಲು ಚಾದ ಅಂಗಡಿ ಮಟಾ ಇತ್ತು.

ಚಾಚಾನ ಪುಸ್ತಕದಾಗ ಇದ್ದದ್ದು ಇಷ್ಟ. ಬೋರ್, ಹನ್ನೆರಡು. ಆ್ಯಕ್ಷನ್, ಬೋಲ್ಟ್. ಬೋರ್ ಅಂದ್ರ ನಳಗಿ ಬಾಯಿಯ ಅಳತಿ, ಹನ್ನೆರಡು ಅಂದ್ರ ಆ ಅಳತಿ ನಂಬರು, ಆ್ಯಕ್ಷನ್ ಅಂದ್ರ ಬಂದೂಕಿನ ಬಾಯಿ ತಗದು ಮುಚ್ಚೂ ರೀತಿ, ಇದು ಈಗ ಗೊತ್ತು. ಅವತ್ತ ನನ್ನ ಬೆರಳು ತಾವಾಗೆ ಟೈಪ್ ಮಾಡಿದ್ವು: "ಬೋರ್: ೧೨. ಕೈಗೊಂಡ ಕ್ರಮ: ಬೋಲ್ಟ್ ಹಾಕಿ ಬಂದ್ ಮಾಡಲಾಗಿದೆ."

ಮ್ಯಾಲ ಬಂದೂಕು ಅಂತ ಬರದಿತ್ತಲ್ಲ ಅಂತ ನೀವು ಕೇಳಬಹುದು. ಬರದಿತ್ತು. ಆದ್ರ ಅಷ್ಟೊತ್ತಿಗೆ ಕಣ್ಣಿಗೂ ಕೈಗೂ ಸಂಬಂಧ ಹರದು ಹೋಗಿತ್ತು. ಖರೇ ಹೇಳಬೇಕಂದ್ರ, ಪಾಪ ಚಾಚಾಂದು ಹನ್ನೆರಡೂ ಬತ್ತಿದ್ವಲ್ಲ ಅಂತ ಒಂದು ಕ್ಷಣ ಮರುಕಾನೂ ಪಟ್ಟಿದ್ನಿ. ಪ್ರಿಂಟ್ ತಗದ್ನಿ, ಚಾಚಾ ಸಹಿ ಮಾಡಿದ್ರು, ಕಳಿಸಿದ್ವಿ.

ಒಂದು ತಿಂಗಳಕ್ಕ ಹಾವೇರಿ ಆಫೀಸಿಂದ ಪತ್ರ ಬಂತು. ಚಾಚಾ ಅದನ್ನ ಹಿಡಕೊಂಡು ನನ್ನ ಹತ್ರನ ಬಂದ್ರು. "ತಮ್ಮಾ, ಕನ್ನಡಕಾ ಮನಿಯಾಗೈತಿ, ಓದು." ನಾ ಓದಾಕತ್ತಿದ್ನಿ. "ಸದರಿ ಆಯುಧವನ್ನು ಬೋಲ್ಟ್ ಹಾಕಿ ಬಂದ್ ಮಾಡಿರುವುದಾಗಿ ತಾವೇ ತಿಳಿಸಿದ್ದು" ಅಂತ ಬಂದ ಕೂಡಲೆ ಅದು ನಾ ಟೈಪ್ ಮಾಡಿದ ಮಾತು ಅಂತ ಹೊಳೀತು. ಅರ್ಧಾ ಸಾಲು ನುಂಗಿದ್ನಿ. ಮುಂದಿಂದು ಓದಲೇಬೇಕಾಗಿತ್ತು. "ನಿರುಪಯುಕ್ತ ಆಯುಧವೆಂದು ಪರಿಗಣಿಸಿ, ಮೂವತ್ತು ದಿನಗಳೊಳಗಾಗಿ ಒಪ್ಪಿಸತಕ್ಕದ್ದು. ನಂತರ ನಿಯಮಾನುಸಾರ ನಾಶಪಡಿಸಲಾಗುವುದು."

"ನಾಶ ಅಂದ್ರ?"

"ಕರಗಸ್ತಾರ್ರಿ ಚಾಚಾ."

"ಯಾಕ?"

"ಅದು ಕೆಟ್ಟೈತಿ ಅಂತ ಬರದೈತ್ರಿ."

ಚಾಚಾ ನನ್ನ ಪ್ಲಾಸ್ಟಿಕ್ ಖುರ್ಚಿ ಮ್ಯಾಲ ಕುಂತ್ರು. ಅವರು ಯಾವತ್ತೂ ನನ್ನ ಅಂಗಡ್ಯಾಗ ಕುಂತಾವ್ರಲ್ಲ, ನಿಂತ ಮಾತಾಡತಿದ್ರು. "ಕೆಟ್ಟೈತಿ" ಅಂತ ಒಮ್ಮೆ ತಮ್ಮಷ್ಟಕ್ಕ ಅಂದ್ರು. ಪತ್ರ ಮಡಚಿ ಕಿಸೇದಾಗ ಇಟ್ಟು, "ಇದನ್ನ ಬರದಾಂವನ ಪೈಜಾಮಾ ಲಾಡಿ ಸಂತ್ಯಾಗ ಹರೀಲಿ" ಅಂದ್ರು.

ನಾ ನನ್ನ ಬೆಲ್ಟ್ ಮುಟ್ಟಿ ನೋಡಿಕೊಂಡ್ನಿ.

ಅವತ್ತ ಹೇಳಬೇಕಾಗಿತ್ತು, ನಾನ ಬರದೇನಿ ಅಂತ. ಆದ್ರ ಬಾಯಿಗೆ ಬಂದದ್ದು, "ನಿಮ್ಮ ಕೂಡ ಹಾವೇರಿಗೆ ನಾ ಬರ್ತೇನಿ, ಆಫೀಸಿನ ಕೆಲಸಾ ನಂಗ ಗೊತ್ತೈತಿ" ಅಂತ.

ಆ ಮೂವತ್ತು ದಿನದಾಗ ನಾ ಬಂದೂಕಿನ ಪಂಡಿತ ಆದ್ನಿ. ಅಂಗಡ್ಯಾಗ ಗಿರಾಕಿ ಇಲ್ಲದಾಗೆಲ್ಲಾ ಫೋನಿನಾಗ ಹಳೇ ಬಂದೂಕಿನ ವಿಡಿಯೋ. ಮದ್ಲ ಮೈ ಉಳಸಿಕೊಳ್ಳಾಕ ಅಂತ ಶುರು ಮಾಡಿದ್ನಿ, ಆಮ್ಯಾಲ ಖರೇನ ಹುಚ್ಚು ಹತ್ತಿತು. ಕಲ್ತಿದ್ದನ್ನ ಗ್ವಾಡಿ ಆಚೆ ಹೋಗಿ ಚಾಚಾಗ ಹೇಳತಿದ್ನಿ. ಮುಟ್ಟಾಕ ಬಿಡತಿರಲಿಲ್ಲ. "ಲೈಸೆನ್ಸ್ ನಂದು, ಕೈ ನಂದ ಇರ್ಲಿ. ನೀ ಬಾಯಿಲೆ ಹೇಳು."

"ಈ ಚಿಲಕದ ತುದಿಗೆ ಸಣ್ಣ ಕೊಕ್ಕಿ ಐತಲ್ರಿ, ಹಾರಿದ ತೋಟಾ, ಅಂದ್ರ ಖಾಲಿ ಕಾಡತೂಸು, ಹಿಡದು ಹೊರಗ ಎಳಿಯೂದು, ಅದಕ್ಕ ಎಕ್ಸ್‌ಟ್ರ್ಯಾಕ್ಟರ್ ಅಂತಾರ."

ಚಾಚಾ ಕನ್ನಡಕದ ಮ್ಯಾಲಿಂದ ನೋಡಿದ್ರು. "ಎಕ್ಸ್ ಮೆಂಬರ್ ಕೇಳೇನಿ, ಎಕ್ಸ್ ಛೇರ್ಮನ್ ಕೇಳೇನಿ. ಎಕ್ಸ್ ಟ್ರ್ಯಾಕ್ಟರ್ ಅಂದ್ರ, ಮದ್ಲ ಟ್ರ್ಯಾಕ್ಟರ್ ಇದ್ದು ಈಗ ಸೋತದ್ದೇನು?"

ಇನ್ನೊಂದು ದಿನಾ ನಂಗ ದೊಡ್ಡ ವಿಷಯ ಸಿಕ್ಕಿತು. ಹಳೇ ಮಿಲಿಟರಿ ರೈಫಲ್ಲಿನ ಮೈಗೆ ಬ್ಯಾರೆ ನಳಗಿ ಕುಂದರ್ಸಿ ಹಿಂಗ ಶಾಟ್‌ಗನ್ ಮಾಡಿದ್ದೂ ಉಂಟಂತ. ಚಾಚಾಂದೂ ಹಂಗ ಕಾಣತಿತ್ತು. ಓಡಿ ಹೋಗಿ ಹೇಳಿದ್ನಿ. ಚಾಚಾ ಬಂದೂಕನ್ನ ತುದಿಯಿಂದ ಬುಡದ ಮಟಾ ಹೊಸಾದ್ದು ನೋಡಿದಂಗ ನೋಡಿದ್ರು.

"ಅಂದ್ರ ಇದು ಆಲ್ಟ್ರೇಶನ್ ಪೀಸು."

"ಹೌದ್ರಿ."

"ಅಪ್ಪನ ಕೋಟು ಕತ್ತರಿಸಿ ಮಗಗ ಜಾಕೀಟ ಹೊಲದಂಗ."

"ಹೌದ್ರಿ ಚಾಚಾ."

"ಹೊಲದಾಂವ ಶಾಣ್ಯಾ ಇದ್ದ" ಅಂದ್ರು. ಜೋಡಿದ ಜಾಗಾದ ಮ್ಯಾಲ ಬೆರಳಾಡಿಸಿದ್ರು. "ಹೊಲಿಗಿ ಕಾಣವಲ್ದು ನೋಡ."

ಅದರಾಗ ಹತ್ತಿಮತ್ತೂರಿಂದ ಪಾಲಿಗೆ ಹೊಲಾ ಮಾಡಾಂವ ಫೋನ್ ಮಾಡಿದ, ಗೋವಿನಜೋಳಕ್ಕ ಹಂದಿ ಬೀಳಾಕತ್ತಾವು ಅಂತ. ಚಾಚಾ ಮಕಮಲ್ ಗವಸಣಿಗ್ಯಾಗ ಬಂದೂಕು ಹಾಕಿಕೊಂಡು ಹೊಂಟ್ರು. ನನಗ ಖುಷಿ, ಇವತ್ತರ ಹಾರೂದು ನೋಡ್ತೇನಿ ಅಂತ ಹಿಂದ ಹೋದ್ನಿ. ಹೊತ್ತು ಮುಳುಗೂ ಮುಂದ ಬದುವಿನ ಮ್ಯಾಲ ಕುಂತ್ವಿ. ಜೋಳದ ಸಾಲಿನಾಗ ಸರಸರ ಸದ್ದಾತು. ಚಾಚಾ ಎದ್ದು ನಿಂತು, ತೋಟಾ ಹಾಕದನ, ಚಿಲಕ ಎಳದು ದೂಡಿದ್ರು. ಖಟ್, ಖಟಾಕ್. ಹಂದಿ ನಿಂತ್ವು. ಇನ್ನೊಮ್ಮೆ ಖಟ್, ಖಟಾಕ್. ಹಂದಿ ಓಡಿದ್ವು. ಚಾಚಾ ಗವಸಣಿಗಿ ಹಾಕಾಕ ಶುರು ಮಾಡಿದ್ರು.

"ಹೊಡೀಲಿಲ್ಲಲ್ರಿ?"

"ಯಾಕ ಹೊಡೀಬೇಕು? ಹೋದ್ವಲ್ಲ."

"ಇದರಲೆ ಯಾವಾಗರ ಹೊಡದೀರಿಲ್ಲೋ?"

"ಇಲ್ಲ."

"ಒಂದ ಸಲಾನೂ?"

"ನಮ್ಮಪ್ಪ ಹೊಡೀತಿದ್ದ. ಹೊಡದು ಹಂಗ ಮೂಲ್ಯಾಗ ನಿಂದ್ರಸ್ತಿದ್ದ. ಆ ನಳಗಿ ತಿಕ್ಕಿ ತಿಕ್ಕಿ ಬೆಳ್ಳಗ ಮಾಡಾಕ ನನಗ ಒಂದು ವರ್ಷ ಹಿಡದಿತ್ತು." ಗವಸಣಿಗಿಯ ಗುಂಡಿ ಹಾಕಿದ್ರು. "ಹೊಡದ್ರ ಮತ್ತ ಹೊಲಸಾಗತೈತಲ್ಲೋ ತಮ್ಮಾ."

ಇಷ್ಟ ಕಾರಣ. ಸ್ವಚ್ಛ ಐತಿ, ಅದಕ್ಕ ಹೊಡಿಯೂದಿಲ್ಲ. ಅಂಥಾ ಬಂದೂಕನ್ನ ನಾ ಕೆಟ್ಟೈತಿ ಅಂತ ಬರದು ಕೊಟ್ಟಿದ್ನಿ.

ಇಪ್ಪತ್ತೆಂಟನೇ ದಿನಕ್ಕ ಹಾವೇರಿ ಆಫೀಸಿಗೆ ಹೋದ್ವಿ. ಬಂದೂಕು ಮಕಮಲ್ಲಿನಾಗ, ಚಿಲಕ ಚಾಚಾನ ಊಟದ ಡಬ್ಬಿಯಾಗ ಚಪಾತಿ ಕೆಳಗ. ಮೊದಲನೇ ಟೇಬಲ್ಲಿನಾವ್ರು ಕಾಗದಾ ನೋಡಿ, "ಬೋರಿಂದಾದ್ರ ಮ್ಯಾಲಿನ ಅಂತಸ್ತು" ಅಂದ್ರು. ಮ್ಯಾಲ ಹೋದ್ವಿ. ಅಲ್ಲಿನಾವ್ರು, "ಹನ್ನೆರಡೂ ಒಂದ ಸರ್ವೇ ನಂಬರಿನಾಗ ಅದಾವೇನ್ರಿ?" ಅಂತ ಕೇಳಿದ್ರು. ಚಾಚಾ ಮಕಮಲ್ ತೋರಿಸಿ, "ಎಲ್ಲಾ ಇದರಾಗ ಅದಾವ್ರಿ" ಅಂದ್ರು. ಅಲ್ಲಿಂದ ಲಗೂನ ಕೆಳಗ ಕಳಿಸಿದ್ರು. ಅವತ್ತಿಂದ ಅವರು ಆ ಆಫೀಸಿನಾಗ ಹನ್ನೆರಡು ಬೋರಿನ ಚಾಚಾ.

ಕಡೀಕ ಲೈಸೆನ್ಸ್ ನೋಡೂ ಮೇಡಂ ಒಬ್ರ ಮುಂದ ನಿಂತ್ವಿ. ಪಕ್ಕದಾಗ ಫೈಲ್ ಹಿಡಕೊಂಡು ಅವರ ಗುಮಾಸ್ತರು. ಮೇಡಂ ಹಾಳಿ ಓದಿದ್ರು. "ಬೋಲ್ಟ್ ಹಾಕಿ ಬಂದ್ ಮಾಡೇನಿ ಅಂತ ನೀವ ಸಹಿ ಮಾಡಿ ಕೊಟ್ಟೀರಿ. ಈಗ ಚಲೋ ಐತಿ ಅಂತೀರಿ. ಯಾವುದು ಖರೆ?"

ನಾ ಬಾಯಿ ತಗದ್ನಿ. ಇಷ್ಟು ದಿನಾ ಕಲ್ತಿದ್ದ ಇಂಗ್ಲಿಷ್ ಶಬ್ದದಾಗ "ಎಕ್ಸ್‌ಟ್ರ್ಯಾಕ್ಟರ್" ಒಂದ ಹೊರಗ ಬಿತ್ತು. ಚಾಚಾ ನನ್ನನ್ನ ಸರಿಸಿ ಮುಂದ ಬಂದ್ರು. ಗುಮಾಸ್ತರ ಎದಿಗೆ ಬೆರಳು ಮಾಡಿದ್ರು.

"ಮೇಡಂ, ಈ ಸಾಹೇಬ್ರ ಅಂಗಿಗೆ ಗುಂಡಿ ಹಾಕೈತ್ರಿ. ಅಂಗಿ ಬಂದ್ ಐತಿ. ಹೌದಲ್ರಿ?"

"ಹೌದು."

"ಹಂಗಂತ ಇವರು ಸಂಜೀಕ ಮನಿಗೆ ಹೋಗಿ ಅಂಗಿ ಕಳಿಯಂಗಿಲ್ಲೇನ್ರಿ? ಗುಂಡಿ ಇರೂದ ಹಾಕಾಕ, ಬಿಚ್ಚಾಕ. ಬಂದೂಕಿನ ಬೋಲ್ಟೂ ಅಷ್ಟರಿ. ಬೋಲ್ಟು ಗುಂಡಿ, ಬಂದೂಕಿನ ಬಾಯಿ ಕಾಜಾ."

ಮೇಡಂ ಗುಮಾಸ್ತರ ಅಂಗಿ ನೋಡಿದ್ರು. ಗುಮಾಸ್ತರೂ ನೋಡಿಕೊಂಡ್ರು. ಎರಡನೇ ಗುಂಡಿ ಒಂದ ಎಳಿ ಮ್ಯಾಲ ಜೋತಾಡತಿತ್ತು. ಚಾಚಾ ಅದನ್ನ ನೋಡಿ ಹಂಗ ಬಿಡೂ ಮನಶ್ಯಾ ಅಲ್ಲ. ಕಾಲರ್ ಕೆಳಗ ಯಾವಾಗಲೂ ದಾರಾ ಪೋಣಿಸಿದ ಸೂಜಿ ಚುಚ್ಚಿಕೊಂಡಿರತಿದ್ರು. ತಗದ್ರು, "ಅಳ್ಳಾಡಬ್ಯಾಡ್ರಿ" ಅಂದ್ರು, ನಾಕು ಹೊಲಿಗಿ ಹಾಕಿದ್ರು, ಹಲ್ಲಲೆ ದಾರಾ ಕಡದ್ರು. ಗುಮಾಸ್ತರ ಗದ್ದಕ್ಕ ಚಾಚಾನ ಗಡ್ಡ ಹತ್ತಿ ಅವರಿಗೆ ಕಚಗುಳಿ ಆಗಿ, ಫೈಲು ಕೆಳಗ ಬಿತ್ತು. ಮೇಡಂ ನಗು ತಡಕೊಳ್ಳಾಕ ಫೋನ್ ಬಂದಂಗ ಮಾಡಿದ್ರು.

ಆಮ್ಯಾಲ ಹೇಳಿದ್ರು. "ಬಾಯಿಮಾತಿಲೆ ಆಗೂದಿಲ್ಲ. ಪೊಲೀಸ್ ಬಂದೂಕು ನೋಡೂ ಹವಾಲ್ದಾರ್ರು ಅದಾರ, ಅವರು ಹಾರಿಸಿ ನೋಡ್ಲಿ. ಹಾರಿದ್ರ ನಿಮ್ಮದು. ಹಾರದಿದ್ರ ಇವತ್ತ ಇಲ್ಲೇ ಬಿಟ್ಟು ಹೋಗಬೇಕು."

ಚಾಚಾನ ಮುಖ ಸಣ್ಣದಾತು. "ಹಾರಿಸಲೇಬೇಕೇನ್ರಿ? ಬೆಳಕಿಗೆ ಹಿಡದು ನೋಡಿದ್ರ ಸಾಲೂದಿಲ್ಲೇನ್ರಿ?"

"ಸಾಲೂದಿಲ್ಲ."

ಹವಾಲ್ದಾರ್ರು ರಿಟೈರ್ ಆಗಾಕ ಬಂದ ಮನಶ್ಯಾ. ಪೊಲೀಸ್ ಮೈದಾನದಾಗ ನಳಗಿ ಒಳಗ ಟಾರ್ಚ್ ಹಾಕಿ ನೋಡಿದ್ರು, ಮತ್ತ ನೋಡಿದ್ರು. "ಇದು ಕನ್ನಡಿ ಐತಲ್ರೀ. ಹಾರಿದ್ದು ಯಾವಾಗ?"

"ನಮ್ಮಪ್ಪನ ಕಾಲಕ್ಕ."

"ಹಳೇದು, ಕೈಯಾಗ ಹಿಡದು ಹೊಡಿಯೂದು ಬ್ಯಾಡ" ಅಂತ ಬಂದೂಕನ್ನ ಲಾರಿ ಟೈರಿನ ಮ್ಯಾಲ ಕಟ್ಟಿ, ಡಬ್ಬಿಯಾಗಿನ ಚಿಲಕ ಕುಂದರ್ಸಿ ತೋಟಾ ಹಾಕಿದ್ರು. ಬಂದೂಕಿನ ಕುದರಿಗೆ, ಅಂದ್ರ ಟ್ರಿಗ್ಗರಿಗೆ, ದಾರಾ ಕಟ್ಟಿ ಗ್ವಾಡಿ ಹಿಂದ ನಿಂತು ಎಳಿಯೂದು ಅಂತ ಠರಾವು ಆತು. ಎದ್ರಿಗೆ ಮಣ್ಣಿನ ದಿಬ್ಬಕ್ಕ ಹಳೇ ಪೇಪರ್ ಹಚ್ಚಿದ್ರು. ಅವರ ಸುತಳಿ ಹುಡುಕಾಕ ಹೋದ್ರ ಸಿಗಲಿಲ್ಲ. ಚಾಚಾ ತಮ್ಮ ಕಿಸೇದಾಗಿನ ರೀಲ್ ಕೊಟ್ರು. ಎಳದ್ರು, ದಾರಾ ಹರೀತು. ನಾಕು ಎಳಿ ಹೊಸದ್ರು, ಅದೂ ಹರೀತು. ಹವಾಲ್ದಾರ್ರು ಚಾಚಾನ ಮುಖ ನೋಡಿದ್ರು. "ಈ ದಾರದಲೆ ಹೊಲಿತೀರೇನ್ರಿ ಅರಿವಿ?" ಚಾಚಾಗ ಅದು ನಾಟಿತು. ಚೀಲಕ್ಕ ಕೈ ಹಾಕಿ ಹೊಸಾ ಪೈಜಾಮಾದ ಲಾಡಿ ತಗದ್ರು, ಎರಡು ಕೈಯಾಗ ಹಿಡದು ಜಗ್ಗಿ ತೋರಿಸಿದ್ರು. "ಇದು ನಂದ. ಹರದ್ರ ಅಂಗಡಿ ಬಂದ್ ಮಾಡ್ತೇನಿ."

ಹರೀಲಿಲ್ಲ. ಎಳದ ಕೂಡಲೆ ಬಿದ್ದ ಸದ್ದಿಗೆ ಮೈದಾನದ ಗಿಡದಾಗಿನ ಕಾಗಿ ಎಲ್ಲಾ ಎದ್ವು, ನಿಂತಿದ್ದ ಜೀಪಿನಾಗ ಮಲಗಿದ್ದ ಡ್ರೈವರ್ ಎದ್ದ, ನಾ ಅಲ್ಲೇ ನೆಲಕ್ಕ ಕುಂತ್ನಿ. ಹೊಗಿ ಸರದ ಮ್ಯಾಲ ನೋಡಿದ್ರ ದಿಬ್ಬದ ಮ್ಯಾಲಿನ ಪೇಪರ್ ಜರಡಿ ಆಗಿತ್ತು. ಹವಾಲ್ದಾರ್ರು ಅಲ್ಲೇ ತೊಡಿ ಮ್ಯಾಲ ಹಾಳಿ ಇಟ್ಟು ಬರದ್ರು: ಆಯುಧ ಸುಸ್ಥಿತಿಯಲ್ಲಿದೆ.

ನಾ ಚಾಚಾನ್ನ ಅಪ್ಪಿಕೊಳ್ಳಾಕ ಹೊಳ್ಳಿದ್ನಿ. ಅವರು ಅಲ್ಲಿ ಇರಲಿಲ್ಲ. ಟೈರಿನ ಹತ್ರ ಮೊಣಕಾಲೂರಿ, ಚಿಲಕ ತಗದು, ಖಾಲಿ ಐತೋ ಇಲ್ಲೋ ಬೆರಳು ಹಾಕಿ ನೋಡಿ, ನಳಗಿ ಒಳಗ ಇಣುಕಾಕತ್ತಿದ್ರು.

"ಹೊಲಸಾತು" ಅಂದ್ರು. ಮುಖ ಮಾತ್ರ ನಗಾಕತ್ತಿತ್ತು.

ಹವಾಲ್ದಾರ್ರ ಕಡೆ ಕಡ್ಡಿ ಇಸಗೊಂಡು ತಮ್ಮ ಕರ್ಚೀಪು ಹರದು ಅಲ್ಲೇ ತಿಕ್ಕಾಕ ಕುಂತ್ರು. ಎರಡು ತಾಸು ಎಬ್ಬಸಾಕ ಆಗಲಿಲ್ಲ. ಡಬ್ಬಿಯಾಗಿನ ಚಪಾತಿ ನಾನೂ ಹವಾಲ್ದಾರ್ರೂ ತಿಂದ್ವಿ.

ಸಂಜಿ ಬಸ್ಸಿಗೆ ಹತ್ತಿದ್ವಿ. ಚಾಚಾ ಕಿಡಕಿ ಕಡೆ, ಬಂದೂಕು ಇಬ್ಬರ ನಡುವ ಮಕಮಲ್ಲಿನಾಗ. ಊರಿನವರಿಗೆ, ಚಾಚಿಗೆ, ಎಲ್ಲಾರಿಗೂ ಚಾಚಾ ಇನ್ನ ಈ ಕಥಿ ಹೇಳ್ತಾರ, ಬರದಾಂವ ಯಾರು ಅಂತ ಅವರೆಲ್ಲಾ ಕೇಳ್ತಾರ. ಈಗ ಹೇಳದಿದ್ರ ಎಂದೂ ಹೇಳಾಕ ಆಗೂದಿಲ್ಲ ಅನಸ್ತು.

"ಚಾಚಾ, ಆ ಹಾಳಿ ಟೈಪ್ ಮಾಡಿದಾಂವ ನಾನ್ರಿ."

"ಆಂ?" ಅಂದ್ರು, ಕಿವಿಗೆ ಕೈ ಹಿಡದು. ಆ ಸದ್ದಿಗೆ ನನ್ನ ಕಿವಿನೂ ಇನ್ನೂ ಗುಂಯ್ ಅನ್ನಾಕತ್ತಿದ್ವು.

"ಟೈಪ್ ಮಾಡಿದಾಂವ ನಾನು ಅಂದ್ನಿ."

"ಆಂ?"

"ಬೋರ್ ಹನ್ನೆರಡು, ಬೋಲ್ಟ್ ಹಾಕಿ ಬಂದ್ ಮಾಡೈತಿ ಅಂತ ಬರದಾಂವ ನಾನ್ರಿ ಚಾಚಾ, ತಪ್ಪ ನಂದ" ಅಂತ ಒದರಿದ್ನಿ.

ಮುಂದಿನ ಸೀಟಿನಾಗ ಬುಟ್ಟಿ ಇಟ್ಟುಕೊಂಡು ಕುಂತಿದ್ದ ಅಜ್ಜಿ ಹೊಳ್ಳಿ ಚಾಚಾನ ಮುಖ ನೋಡಿ, "ಯವ್ವಾ, ಹನ್ನೆರಡೂ ಬತ್ತಿದ್ವೇನೋ ಯಪ್ಪಾ" ಅಂದ್ಲು.

ಚಾಚಾ ಕಿವಿಯಿಂದ ಕೈ ತಗದ್ರು. "ಮೊದಲನೇ ಸಲಾನ ಕೇಳಿಸ್ತು. ಊರಿಗೆಲ್ಲಾ ಯಾಕ ಹೇಳ್ತಿ?"

"ಮತ್ತ ನಿಮಗ ಗೊತ್ತಿತ್ತೇನ್ರಿ?"

"ನಾ ಜೀವಮಾನದಾಗ ಒಂದ ಹಾಳಿ ಟೈಪ್ ಮಾಡಿಸೇನಿ. ಅದೂ ನಿನ್ನ ಅಂಗಡ್ಯಾಗ. ಮತ್ತ ಯಾರು ಬರದಿರ್ತಾರ, ಚಾಚಿ?"

ಇದು ನನಗ ಒಂದು ತಿಂಗಳದಾಗ ಒಮ್ಮೆಯೂ ಹೊಳದಿರಲಿಲ್ಲ. "ಮತ್ತ ಅವತ್ತ ಯಾಕ ಬಾಯಿ ಬಿಟ್ಟು ಹೇಳಲಿಲ್ರಿ?"

"ಹೇಳಿದ್ರ ನೀ ಮಾಫಿ ಕೇಳಿ ಅಂಗಡ್ಯಾಗ ಕುಂತಿರ್ತಿದ್ದಿ. ಹಾವೇರಿಗೆ ನನ್ನ ಕೂಡ ಯಾರು ಬರ್ತಿದ್ರು?"

ಅಷ್ಟೊತ್ತಿಗೆ ಹಿಂದಿನ ಸೀಟಿನ ರೈತರೊಬ್ರು ಚಾಚಾನ ಭುಜದ ಮ್ಯಾಲ ಕೈ ಇಟ್ರು. ಸಾವಾದ ಮನಿಯಾಗ ಮಾತಾಡೂವಂಗ ಮೆತ್ತಗ ಕೇಳಿದ್ರು, "ಹನ್ನೆರಡರಾಗ ಒಂದಕ್ಕರ ನೀರ ಬಂತೇನ್ರಿ?"

"ಬಂತ್ರಿ" ಅಂದ್ರು ಚಾಚಾ. "ಇವತ್ತ ಮಧ್ಯಾಹ್ನಾನ ಬಂತು. ಸದ್ದು ಮಾತ್ರ ಭಾಳ ಮಾಡ್ತು."